ಹತ್ತಕ್ಕೆ ಒಂಬತ್ತು

ವರ್ನಾ ಟ್ವೀಟನ್ ತನ್ನ ಜೀವಮಾನದಲ್ಲಿ ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ನನಗೆ ಆರು ಕೊಟ್ಟಿದ್ದಾಳೆ. ಅದೂ ನಾನು ಅವಳ ತಮ್ಮ ಎಲ್ಡನ್‌ನನ್ನು ಮದುವೆಯಾಗುವುದಕ್ಕೆ ಇನ್ನು ಇಪ್ಪತ್ತೇ ದಿನ ಇದ್ದಾಗ, ಊರಿನವರೆಲ್ಲರ ಕಣ್ಣೆದುರಿಗೆ.

ಅಯೋವಾದಲ್ಲಿ ನಮ್ಮದು ಚಿಕ್ಕ ಊರು. ವರ್ನಾ ಅಲ್ಲಿನ ಹೈಸ್ಕೂಲಿನಲ್ಲಿ ಅಡುಗೆ, ಹೊಲಿಗೆ ಕಲಿಸುವ ಟೀಚರ್ ಆಗಿದ್ದಳು. ಬೇಸಿಗೆಯ ಕೌಂಟಿ ಮೇಳದಲ್ಲಿ ನಡೆಯುವ ಪೈ ಸ್ಪರ್ಧೆಗೆ ಮೂವತ್ತೆಂಟು ವರ್ಷ ಅವಳೇ ತೀರ್ಪುಗಾರ್ತಿ. ಹಿಟ್ಟಿನ ಪದರದೊಳಗೆ ಹಣ್ಣು ತುಂಬಿ ಬೇಯಿಸುವುದರಲ್ಲಿ ಏನು ಮಹಾ ಎನ್ನುವವರು ನಮ್ಮೂರಿಗೆ ಬಂದು ನೋಡಬೇಕು. ಅದರ ಸಲುವಾಗಿ ಮಾತು ಬಿಟ್ಟ ಅಕ್ಕತಂಗಿಯರಿದ್ದಾರೆ. ವರ್ನಾ ಬಿಳಿ ಏಪ್ರನ್ ಕಟ್ಟಿಕೊಂಡು, ಫೋರ್ಕಿನ ತುದಿಯಲ್ಲಿ ಒಂದು ತುಣುಕು ಬಾಯಿಗಿಟ್ಟು, ಕಣ್ಣು ಮುಚ್ಚಿ, ಆಮೇಲೆ ಹಳದಿ ಚೀಟಿಯ ಮೇಲೆ ಅಂಕ ಬರೆದು ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದಳು. ಏಳು ಬಂದರೆ ಹೆಂಗಸರು ಅಪ್ಪಿಕೊಂಡು ಕುಣಿಯುತ್ತಿದ್ದರು. ಎಂಟು ಬಂದರೆ ಊರ ಪತ್ರಿಕೆಯಲ್ಲಿ ಹೆಸರು. ಒಂಬತ್ತು ಬಂದದ್ದು ಮೂವತ್ತೆಂಟು ವರ್ಷದಲ್ಲಿ ಮೂರೇ ಸಲ. ಆ ಮೂವರಲ್ಲಿ ಹಲ್ಡಾ ಬರ್ಗನ್ ಎಂಬಾಕೆ ಚೀಟಿಗೆ ಚೌಕಟ್ಟು ಹಾಕಿಸಿ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಳು. ಆಕೆ ಸತ್ತಾಗ ಮಕ್ಕಳು ಅದನ್ನು ಶವಪೆಟ್ಟಿಗೆಯಲ್ಲಿ ಅವಳ ಕೈಗೇ ಕೊಟ್ಟು ಕಳಿಸಿದರು.

"ಹತ್ತು ಕೊಟ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದು ನಾನು ಒಮ್ಮೆ ಕೇಳಿಯೂ ಬಿಟ್ಟೆ.

"ಹತ್ತು ಅಂದ್ರೆ ಮುಗೀತು ಅಂತ ಕಣೇ ಡಾರ್ಲಾ. ಇನ್ನು ಕಲಿಯೋದೇನೂ ಇಲ್ಲ, ಎದ್ದು ಮನೆಗೆ ಹೋಗು ಅಂತ. ಬದುಕಿರೋರಿಗೆ ಯಾರಾದ್ರೂ ಹಾಗಂತಾರಾ? ಒಂಬತ್ತು ಅಂದ್ರೆ, ನೀನು ನನಗಿಂತ ಚೆನ್ನಾಗಿ ಮಾಡ್ತೀಯ, ನಾಳೆನೂ ಮಾಡು ಅಂತ."

"ಹಾಗಾದ್ರೆ ಆರು ಅಂದ್ರೆ?"

"ತಳ ಹಸಿ ಅಂತ."

ಐವತ್ತು ವರ್ಷವಾಯಿತು. ಅವಳ ಬಾಯಲ್ಲಿ ನನ್ನ ಪೈನ ತಳ ಇನ್ನೂ ಹಸಿಯಾಗಿಯೇ ಇದೆ.

ಇಂಥವಳನ್ನು ವಿಹಾರದ ಹಡಗು ಹತ್ತಿಸಿದವನು ನನ್ನ ಗಂಡ ಎಲ್ಡನ್. ಜನವರಿಯಲ್ಲಿ ನಮ್ಮ ಕಡೆ ಹಿಮ ಕಿಟಕಿಯ ಮಟ್ಟಕ್ಕೆ ಬರುತ್ತದೆ, ಬಾಗಿಲು ತೆಗೆಯಲು ಸಲಿಕೆ ಬೇಕು. ಒಂದು ವರ್ಷ ಅವನಿಗೆ ರೋಸಿಹೋಗಿ, ಅಕ್ಕನನ್ನೂ ನನ್ನನ್ನೂ ಫ್ಲಾರಿಡಾಕ್ಕೆ ಕರೆದುಕೊಂಡು ಹೋಗಿ ಫೋರ್ಟ್ ಲಾಡರ್‌ಡೇಲಿನಲ್ಲಿ ಹಡಗು ಹತ್ತಿಸಿದ. ಹದಿಮೂರು ಮಹಡಿ, ಮೂರು ಸಾವಿರ ಜನ, ಹೊತ್ತುಹೊತ್ತಿಗೆ ಊಟ. ವರ್ನಾ ಮೊದಲ ದಿನವೇ ಕಾಫಿಗೆ ಮೂರು ಅಂಕ ಕೊಟ್ಟಳು.

ಆ ಮೊದಲ ಪ್ರಯಾಣದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಇಳಿಯುವ ಹಿಂದಿನ ಸಂಜೆ ಪೆಟ್ಟಿಗೆಗಳನ್ನೆಲ್ಲ ಕ್ಯಾಬಿನ್ನಿನ ಬಾಗಿಲ ಹೊರಗಿಡಬೇಕು. ಅವರು ಒಯ್ದು, ಬೆಳಿಗ್ಗೆ ಬಂದರಿನಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ನನ್ನ ಗಂಡ ಶಿಸ್ತಿನ ಸಿಪಾಯಿ. ಎಲ್ಲವನ್ನೂ ಮಡಚಿ ತುಂಬಿ ಹೊರಗಿಟ್ಟು, ಪೈಜಾಮ ಹಾಕಿಕೊಂಡು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಬಿನ್ನಿನಲ್ಲಿ ಅವನ ಕೋಟಿದೆ, ಬೂಟಿದೆ, ಪ್ಯಾಂಟಿಲ್ಲ. ಮೇಲೆ ಕೋಟು, ಕೆಳಗೆ ಪಟ್ಟೆಪಟ್ಟೆಯ ಪೈಜಾಮ, ಹಾಗೆಯೇ ಸರದಿಯಲ್ಲಿ ನಿಂತ. ಸುಂಕದ ಅಧಿಕಾರಿ ಗಂಭೀರವಾಗಿ, "ತೋರಿಸಬೇಕಾದ್ದು ಏನಾದರೂ ಇದೆಯಾ?" ಎಂದು ಕೇಳಿದ.

"ಇರೋದೆಲ್ಲ ಕಾಣ್ತಾನೇ ಇದೆಯಲ್ಲ ಸಾರ್!" ಎಂದ ಎಲ್ಡನ್.

ಅಂದಿನಿಂದ ವರ್ನಾ ಹಡಗಿನವರಿಗೆಲ್ಲ ಬುದ್ಧಿ ಹೇಳುವ ಕೆಲಸ ಹಿಡಿದಳು. ಲಿಫ್ಟಿನಲ್ಲಿ, ಈಜುಕೊಳದ ಪಕ್ಕ, ಊಟದ ಮೇಜಿನಲ್ಲಿ, ಹೊಸಬರ ಮುಖ ಕಂಡರೆ ಸಾಕು. ಹಡಗಿನ ನಡುಮಧ್ಯದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ತಗೊಳ್ಳಿ, ತೊಟ್ಟಿಲ ಹಾಗೆ ತೂಗಾಡೋದು ತುದೀಲಿ ಇರೋರಿಗೆ. ಗೋಡೆಗಳು ಕಬ್ಬಿಣದವು, ಆಯಸ್ಕಾಂತದ ಕೊಕ್ಕೆ ಆರು ತನ್ನಿ, ಒದ್ದೆ ಬಟ್ಟೆ ಎಲ್ಲಿ ತೂಗುಹಾಕ್ತೀರಿ? ಮೊದಲ ದಿನ ಪೆಟ್ಟಿಗೆ ಸಂಜೆಗೆ ಬಂದ್ರೆ ಪುಣ್ಯ, ಮಾತ್ರೆ, ಈಜುಬಟ್ಟೆ ಕೈಚೀಲದಲ್ಲೇ ಇರಲಿ. ಮೊದಲ ಮಧ್ಯಾಹ್ನ ಬಫೆಗೆ ನುಗ್ಗಬೇಡಿ, ಅಲ್ಲಿ ಮೂರು ಸಾವಿರ ಮೊಣಕೈಗಳಿರ್ತವೆ. ಹೊಟ್ಟೆ ತೊಳಸಿದ್ರೆ ಹಸಿರು ಸೇಬು ತಿನ್ನಿ, ದಿಗಂತ ನೋಡಿ, ಫೋನ್ ನೋಡಬೇಡಿ. ಬೆಳಿಗ್ಗೆ ಆರಕ್ಕೆ ಕುರ್ಚಿ ಮೇಲೆ ಟವೆಲ್ ಹಾಸಿ ಹನ್ನೊಂದಕ್ಕೆ ಬಂದು ಕೂರೋರ ಜೊತೆ ಮಾತಾಡಬೇಡಿ, ಅವರು ಮನೇಲೂ ಹಾಗೇ ಇರ್ತಾರೆ. ಕೊನೆಯದಾಗಿ, ಪ್ಯಾಂಟು. ಪ್ಯಾಂಟಿನ ಕಥೆಯನ್ನು ನನ್ನ ಗಂಡ ಪಕ್ಕದಲ್ಲೇ ಕೂತಿರುವಾಗ ನೂರು ಸಲ ಹೇಳಿದ್ದಾಳೆ. ಅವನು ಪ್ರತಿ ಸಲವೂ ಎದ್ದು ನಿಂತು ನಮಸ್ಕರಿಸುತ್ತಿದ್ದ.

ಎಲ್ಡನ್ ಹೋಗಿ ಒಂಬತ್ತು ವರ್ಷವಾಯಿತು. ಆ ಜನವರಿಯಲ್ಲಿ ನಾನು ಬರುವುದಿಲ್ಲವೆಂದು ಹಟ ಹಿಡಿದು ಕೂತೆ. ವರ್ನಾ ಹಿಮದಲ್ಲಿ ನಡೆದುಬಂದು, ನನ್ನ ಪೆಟ್ಟಿಗೆ ತಾನೇ ತುಂಬಿದಳು. ಆಮೇಲೆ, "ಅಳೋದಿದ್ರೆ ಬಿಸಿಲಲ್ಲಿ ಕೂತು ಅಳು. ಇಲ್ಲಿ ಕಣ್ಣೀರು ಹೆಪ್ಪುಗಟ್ಟುತ್ತೆ," ಎಂದಳು. ಅವಳ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಆ ಒಂದು ಮಾತಿಗಾಗಿ ಎಲ್ಲವನ್ನೂ ಮಾಫಿ ಮಾಡಿದ್ದೇನೆ. ಅಂದಿನಿಂದ ಇಬ್ಬರೂ ಕಿಟಕಿಯಿಲ್ಲದ ಒಂದೇ ಕ್ಯಾಬಿನ್ನಿನಲ್ಲಿ, ಪ್ರತಿ ಜನವರಿ, ಮೊದಲಿನಂತೆಯೇ ಎರಡು ವಾರ. ಹಡಗು ಒಂದು ವಾರ ಸುತ್ತಿ ಶನಿವಾರ ಬಂದರಿಗೆ ಬಂದಾಗ ಎಲ್ಲರೂ ಇಳಿಯುತ್ತಾರೆ, ನಾವು ಮಾತ್ರ ಇಳಿಯದೆ ಮತ್ತೊಂದು ವಾರ ಹೊರಡುತ್ತೇವೆ.

ಅವಳ ಇಪ್ಪತ್ತೆರಡನೆಯ ಜನವರಿಯಲ್ಲಿ ನಮ್ಮ ಕ್ಯಾಬಿನ್ನಿಗೆ ರೊಡೆಲ್ ಬಂದ. ಫಿಲಿಪ್ಪೀನ್ಸಿನ ಇಲೋಯಿಲೋದವನು, ಮೂವತ್ತನಾಲ್ಕು ವರ್ಷ, ಗಿಡ್ಡನೆಯ ಆಳು. ಹಾಸಿಗೆ ಹಾಸುವುದು, ಗುಡಿಸುವುದು, ಬಚ್ಚಲು ತೊಳೆಯುವುದು, ಹೀಗೆ ಹದಿನಾರು ಕ್ಯಾಬಿನ್ ಅವನ ಪಾಲಿಗೆ. ಪ್ರತಿ ಸಂಜೆ ನಾವು ಊಟಕ್ಕೆ ಹೋದಾಗ ಬಂದು, ಟವೆಲನ್ನು ಮಡಚಿ ಸುರುಳಿ ಸುತ್ತಿ ಒಂದು ಪ್ರಾಣಿ ಮಾಡಿ ಹಾಸಿಗೆಯ ಮೇಲಿಡುತ್ತಿದ್ದ. ಇದು ಈ ಹಡಗುಗಳಲ್ಲಿ ಇರುವ ಪದ್ಧತಿಯೇ. ಉಳಿದವರು "ಅಯ್ಯೋ ಎಷ್ಟು ಮುದ್ದಾಗಿದೆ" ಎಂದು ಫೋಟೋ ಹಿಡಿಯುತ್ತಾರೆ. ವರ್ನಾ ಕನ್ನಡಕ ಏರಿಸಿ ಆನೆಯನ್ನು ಸುತ್ತಲೂ ನೋಡಿ, ಕೈಚೀಲದಿಂದ ಹಳದಿ ಚೀಟಿ ತೆಗೆದು, "ಐದು. ಕಿವಿ ಗಿಡ್ಡ, ಸೊಂಡಿಲಿಗೆ ಬಿಗಿ ಇಲ್ಲ" ಎಂದು ಬರೆದು ಅದರ ಕಾಲ ಬಳಿ ಇಟ್ಟಳು.

"ನಿನಗೇನು ಬುದ್ಧಿ ಇದೆಯೇನೇ? ಪಾಪ, ಬೆಳಗಿಂದ ದುಡಿದು ಸತ್ತಿರ್ತಾನೆ!" ಎಂದು ನಾನು ರೇಗಿದೆ.

ಮರುದಿನ ಬೆಳಿಗ್ಗೆ ರೊಡೆಲ್ ಚೀಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮುಖ ಅರಳಿತ್ತು. "ಮಿಸ್ ವರ್ನಾ, ಎಂಟು ವರ್ಷದಿಂದ ಆನೆ ಮಾಡ್ತಿದ್ದೀನಿ. ಒಬ್ಬರೂ ಕಿವಿ ಕಡೆ ನೋಡಿರಲಿಲ್ಲ. ಇವತ್ತು ಉದ್ದ ಮಾಡ್ತೀನಿ, ನೋಡಿ."

ಅಲ್ಲಿಂದ ಶುರುವಾಯಿತು ಇವರಿಬ್ಬರ ಆಟ. ಕೋತಿಗೆ ಆರು. ಹಂಸಕ್ಕೆ ಆರು, ಕತ್ತು ಹೊರಳಿದ್ದಕ್ಕೆ. ಆಮೆಗೆ ಏಳು ಬಂದ ದಿನ ಅವನು ಹಜಾರದ ಉದ್ದಕ್ಕೂ ಸಿಳ್ಳೆ ಹಾಕಿಕೊಂಡು ಹೋದ. ವರ್ನಾ ಹಾಸಿಗೆಯ ಮೇಲೆ ಕೂತು, ಹಿಟ್ಟಿನ ಅಂಚನ್ನು ಹೇಗೆ ಒತ್ತುತ್ತಾರೋ ಹಾಗೆ ಟವೆಲಿನ ಅಂಚು ಒತ್ತುವುದನ್ನು ತೋರಿಸುತ್ತಿದ್ದಳು. ಅವನು ಕೈಕಟ್ಟಿ ನೋಡುತ್ತಿದ್ದ.

ಹಾಗೆ ಮಾತು ಬೆಳೆದು ಅವನ ಸಂಸಾರದ ಸಂಗತಿ ತಿಳಿಯಿತು. ಹೆಂಡತಿ ಮರಿಸೆಲ್ ಇದೇ ಕಂಪನಿಯ ಇನ್ನೊಂದು ಹಡಗಿನ ಬೇಕರಿಯಲ್ಲಿ. ಮದುವೆಯಾಗಿ ಐದು ವರ್ಷ, ಜೊತೆಗೆ ಇದ್ದದ್ದು ಎಲ್ಲ ಸೇರಿ ಏಳು ತಿಂಗಳು. ಇವನಿಗೆ ರಜೆ ಬಂದಾಗ ಅವಳು ಸಮುದ್ರದಲ್ಲಿ, ಅವಳಿಗೆ ರಜೆ ಬಂದಾಗ ಇವನು. ಬುಧವಾರ ಕೊಸುಮೆಲ್ ಬಂದರಿನಲ್ಲಿ ಎರಡೂ ಹಡಗು ಅಕ್ಕಪಕ್ಕ ನಿಂತವು. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಕ್ಕಿದ್ದು ನಲವತ್ತು ನಿಮಿಷ. ನಾವು ಹಡಗಿಗೆ ಮರಳುವಾಗ ನೋಡಿದೆವು, ಕಟ್ಟೆಯ ಮೇಲೆ ಕೂತು ಒಂದೇ ಸುಟ್ಟ ಜೋಳದ ತೆನೆಯನ್ನು ಸರದಿಯಲ್ಲಿ ಕಚ್ಚುತ್ತಿದ್ದರು. ಇವನ ಕಣ್ಣು ಗಡಿಯಾರದ ಮೇಲೆ, ಅವಳ ಕಣ್ಣು ಇವನ ಮೇಲೆ.

"ಸೂಪರ್‌ವೈಸರ್ ಆದ್ರೆ ಇಬ್ಬರಿಗೂ ಒಂದೇ ಹಡಗು ಕೊಡ್ತಾರೆ ಮಿಸ್ ಡಾರ್ಲಾ. ಒಂದು ಪುಟ್ಟ ಕ್ಯಾಬಿನ್ನೂ ಕೊಡ್ತಾರೆ," ಎಂದು ಆ ಸಂಜೆ ಹೇಳಿದ. "ಈ ಸಲ ಒಂದೇ ಜಾಗ, ಮೂವರಿದ್ದೀವಿ. ಬರೋ ವಾರದ ಶುಕ್ರವಾರ ಹೆಸರುಗಳು ಮೇಲಕ್ಕೆ ಹೋಗ್ತವೆ."

ಶನಿವಾರ ಮೊದಲ ವಾರ ಮುಗಿದು ಹಡಗು ಬಂದರಿಗೆ ಬಂತು. ಎಂದಿನಂತೆ ಫೋನಿಗೆ ಕಂಪನಿಯ ಫೀಡ್‌ಬ್ಯಾಕ್ ಫಾರಂ ಬಂತು. ನಾನು ಮಹಾ ಸೋಮಾರಿ, ಅಳಿಸಿಹಾಕಿದೆ. ವರ್ನಾ ತಿಂಡಿಯ ಮೇಜಿನಲ್ಲೇ ಕೂತು ಒಂದೊಂದನ್ನೂ ಓದಿ ತುಂಬಿದಳು. ಊಟಕ್ಕೆ ಆರು. ಸಂಗೀತಕ್ಕೆ ಐದು. ಕಾಫಿಗೆ ಮೂರು, ಇಪ್ಪತ್ತೆರಡು ವರ್ಷದಿಂದ ಅದು ಮೇಲೇರಿಲ್ಲ. ಕ್ಯಾಬಿನ್ನಿನ ಸೇವೆ ಎನ್ನುವಲ್ಲಿಗೆ ಬಂದು ಕಣ್ಣು ಮುಚ್ಚಿದಳು. ಆಮೇಲೆ ಫೋನು ನನ್ನ ಮೂಗಿನ ಹತ್ತಿರ ಹಿಡಿದಳು.

"ನೋಡೇ ಡಾರ್ಲಾ. ಒಂಬತ್ತು."

ನಾನು ಚಮಚ ಕೆಳಗಿಟ್ಟೆ. ಮೇಳದ ತೀರ್ಪಿನಿಂದ ನಿವೃತ್ತಳಾದ ಮೇಲೆ, ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದಲೂ, ಅವಳ ಕೈಯಿಂದ ಒಂಬತ್ತು ಹೊರಟಿರಲಿಲ್ಲ. ಹಲ್ಡಾ ಬರ್ಗನ್ ಶವಪೆಟ್ಟಿಗೆಯಲ್ಲಿ ಒಯ್ದದ್ದನ್ನು ರೊಡೆಲ್ ಗಳಿಸಿದ್ದ. ಇಬ್ಬರೂ ಆ ಕೆಟ್ಟ ಕಾಫಿಯನ್ನೇ ಎತ್ತಿ ಅವನ ಹೆಸರಿನಲ್ಲಿ ಕುಡಿದೆವು.

ಸೋಮವಾರ ಸಂಜೆ ಬಂದು ನೋಡಿದರೆ ಹಾಸಿಗೆಯ ಮೇಲೆ ಪ್ರಾಣಿಯಿಲ್ಲ. ಟವೆಲು ಚೌಕಾಕಾರ ಮಡಚಿ ಇಟ್ಟಿತ್ತು. ಮಂಗಳವಾರವೂ ಹಾಗೆಯೇ. ರೊಡೆಲ್ ಎದುರಾದರೆ "ಶುಭದಿನ ಮಿಸ್ ವರ್ನಾ" ಎಂದು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ, ಅಷ್ಟೇ. ಬುಧವಾರ ಬೆಳಿಗ್ಗೆ ವರ್ನಾ ಅವನನ್ನು ಕ್ಯಾಬಿನ್ನಿನೊಳಗೆ ಕರೆದು ಬಾಗಿಲಿಗೆ ಅಡ್ಡ ನಿಂತಳು. ನಲವತ್ತು ವರ್ಷ ಹೈಸ್ಕೂಲು ಮಕ್ಕಳ ಬಾಯಿ ಬಿಡಿಸಿದವಳು.

"ಏನಾಯ್ತು ಹೇಳು."

"ಏನೂ ಇಲ್ಲ ಮೇಡಂ."

"ಮೇಡಂ ಬೇರೆ! ಇದು ಯಾವಾಗಿಂದ? ನನ್ನ ಮುಖ ನೋಡಿ ಹೇಳು."

ಅವನು ನೆಲ ನೋಡುತ್ತ ಹೇಳಿದ. "ಭಾನುವಾರ ಆಫೀಸಿಗೆ ಕರೆದಿದ್ರು ಮಿಸ್ ವರ್ನಾ. ನಿಮ್ಮ ಕ್ಯಾಬಿನ್‌ನಿಂದ ಒಂಬತ್ತು ಬಂದಿದೆ, ಅತಿಥಿಗೆ ಯಾಕೆ ಬೇಸರ ಮಾಡಿದೆ ಅಂತ ಕೇಳಿದ್ರು. ಎರಡು ದಿನ ತರಬೇತಿ ಕ್ಲಾಸಿಗೆ ಹಾಕಿದ್ರು, ನಗೋದು ಹೇಗೆ, ಬಾಗಿಲು ತಟ್ಟೋದು ಹೇಗೆ ಅಂತ. ನಾನೇನು ತಪ್ಪು ಮಾಡಿದೆ ಅಂತ ಮೂರು ದಿನದಿಂದ ಯೋಚನೆ ಮಾಡ್ತಾನೇ ಇದ್ದೀನಿ."

"ಬೇಸರಾನಾ? ಒಂಬತ್ತು ಕಣಯ್ಯಾ ಅದು! ಒಂಬತ್ತು!"

"ಕಂಪನೀಲಿ ಹತ್ತು ಅಂದ್ರೆ ಪಾಸ್, ಮಿಸ್ ವರ್ನಾ. ಒಂಬತ್ತು, ನಾಲ್ಕು, ಒಂದು, ಎಲ್ಲಾ ಒಂದೇ ಬುಟ್ಟಿ." ಅವನು ತಲೆಯೆತ್ತಿ ಕಷ್ಟಪಟ್ಟು ನಕ್ಕ. "ಪರವಾಗಿಲ್ಲ. ಉಳಿದ ಇಬ್ಬರೂ ಒಳ್ಳೇ ಹುಡುಗರೇ."

ಅವನು ಹೋದ ಮೇಲೆ ವರ್ನಾ ಹಾಸಿಗೆಯ ಅಂಚಿನಲ್ಲಿ ಕೂತಳು. ಎಪ್ಪತ್ತೊಂಬತ್ತು ವರ್ಷದವಳು ಒಂದೇ ಗಳಿಗೆಯಲ್ಲಿ ತೊಂಬತ್ತರವಳಂತೆ ಕಂಡಳು. ಆಮೇಲೆ ಎದ್ದು, ಲಿಪ್‌ಸ್ಟಿಕ್ ಹಚ್ಚಿಕೊಂಡು, ಐದನೇ ಡೆಕ್ಕಿನ ಕೌಂಟರಿಗೆ ನಡೆದಳು. ನಾನೂ ಹಿಂದೆ. ಅಲ್ಲಿನ ಹುಡುಗಿ, ಕಳಿಸಿದ ಫಾರಂ ತಿದ್ದಲಾಗದು ಎಂದಳು. ವರ್ನಾ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ಕೊನೆಗೆ ಹಡಗಿನ ಊಟ-ವಸತಿಯ ಉಸ್ತುವಾರಿಯೆಲ್ಲ ಹೊತ್ತ ಡಚ್ ಅಧಿಕಾರಿ, ಹೂಕ್ಸ್ಟ್ರಾ, ತಾನೇ ಹೊರಗೆ ಬಂದ. ಒಳ್ಳೆಯ ಮನುಷ್ಯ, ಕಣ್ಣ ಕೆಳಗೆ ನಿದ್ದೆಗೆಟ್ಟ ಚೀಲ.

"ನಿಮ್ಮ ಮಾತು ಅರ್ಥ ಆಗುತ್ತೆ ಮೇಡಂ. ಆದ್ರೆ ಅಂಕ ಲೆಕ್ಕ ಹಾಕೋದು ದಡದ ಮೇಲಿರೋ ಕಂಪ್ಯೂಟರು. ಈ ವಾರದ ಫಾರಂ ನಿಮಗೆ ಬರೋದು ಶನಿವಾರ. ಹೆಸರು ಹೋಗೋದು ಶುಕ್ರವಾರ."

ಕ್ಯಾಬಿನ್ನಿಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ಕೊಕ್ಕೆ ತನ್ನಿ, ಸೇಬು ತಿನ್ನಿ ಅಂತ! ಇಪ್ಪತ್ತೆರಡು ವರ್ಷದಲ್ಲಿ ಇದೊಂದನ್ನ ಯಾರನ್ನಾದ್ರೂ ಕೇಳಿದ್ದೀಯಾ? ಎಷ್ಟು ಜನರ ಅನ್ನದ ಮೇಲೆ ಎಂಟು, ಏಳು, ಆರು ಅಂತ ಬರೆದಿದ್ದೀಯೋ ಏನೋ!"

"ನಾನು ಸುಳ್ಳು ಬರೆದಿಲ್ಲ ಡಾರ್ಲಾ."

"ನಿನ್ನ ನಿಜ ತಗೊಂಡು ಅವನೇನು ಸಾರು ಮಾಡ್ಕೊಳ್ಳಲಾ? ಆ ಹುಡುಗಿ ಜೋಳದ ತೆನೆ ಹಿಡ್ಕೊಂಡು ಕೂತಿದ್ದು ನೋಡಿದೆಯಲ್ಲ?"

ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ನನಗೆ ಬಚ್ಚಲಿನಿಂದ ಅವಳ ಮೂಗು ಸೀಟುವ ಸದ್ದು ಬಂದಾಗ ತಿಳಿಯಿತು. ಎಷ್ಟೆಂದರೂ ಫಾರಂ ಅಳಿಸಿಹಾಕಿದವಳು ನಾನು. ನಾನು ಹತ್ತು ಕೊಟ್ಟಿದ್ದರೆ ಅಷ್ಟಾದರೂ ಆಗುತ್ತಿತ್ತು.

ಗುರುವಾರ ಮಧ್ಯಾಹ್ನ ಮೂರಕ್ಕೆ ಹಳೆಯ ಪ್ರಯಾಣಿಕರ ಕೂಟ. ಪ್ರತಿ ಪ್ರಯಾಣದಲ್ಲೂ ಇರುತ್ತದೆ, ನಾಟಕಶಾಲೆಯಲ್ಲಿ ನಾನ್ನೂರು ಜನ, ಕ್ಯಾಪ್ಟನ್, ಮೇಲಧಿಕಾರಿಗಳು, ಜೊತೆಗೆ ನೀರುನೀರಾದ ಷಾಂಪೇನು. ಹಡಗಿನಲ್ಲಿ ಮುನ್ನೂರು ದಿನ ಪೂರೈಸಿದವರಿಗೆ ಪದಕ. ಆ ಸಲ ಅದು ವರ್ನಾಳಿಗೆ; ಎಲ್ಡನ್ ಇದ್ದಾಗ ಒಂದೆರಡು ಜನವರಿ ತಪ್ಪಿಸಿದ್ದ ನನಗೆ ಇನ್ನೂ ಬಾಕಿ. ಬೆಳಿಗ್ಗೆ ಎದ್ದವಳೇ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ತಲೆ ಬಾಚು," ಎಂದಳು. ಮೂವತ್ತು ವರ್ಷ ಬ್ಯೂಟಿ ಪಾರ್ಲರ್ ನಡೆಸಿದವಳು ನಾನು. ತೆಳ್ಳಗಾದ ಆ ಬಿಳಿ ಕೂದಲಿಗೆ ಸುರುಳಿ ಹಾಕಿ ಮುಗಿಸುವಷ್ಟರಲ್ಲಿ ಜಗಳವೂ ಮುಗಿಯಿತು.

ಕ್ಯಾಪ್ಟನ್ ಪದಕ ತೊಡಿಸಿದ. ಹೂಕ್ಸ್ಟ್ರಾ ಮೈಕು ಕೊಟ್ಟು, "ಹೊಸಬರಿಗೆ ಮಿಸ್ ವರ್ನಾ ಒಂದು ಕಿವಿಮಾತು ಹೇಳಲಿ," ಎಂದ. ಪಾಪ, ಅವನಿಗೇನು ಗೊತ್ತು.

"ಚಪ್ಪಾಳೆ ಸಾಕು, ಕೂತ್ಕೊಳ್ಳಿ," ಎಂದಳು ವರ್ನಾ, ಕ್ಲಾಸಿಗೆ ಹೇಳುವ ಧಾಟಿಯಲ್ಲಿ. ಎಲ್ಲರೂ ಕೂತರು. "ಕೊನೇ ಸಂಜೆ ಒಂದು ಪ್ಯಾಂಟು ಒಳಗಿಟ್ಕೊಳ್ಳಿ. ಇದು ನನ್ನ ತಮ್ಮ ಎಲ್ಡನ್ ಕಲಿಸಿದ ಪಾಠ." ಗೊತ್ತಿದ್ದವರು ನಕ್ಕರು. "ಇನ್ನೊಂದಿದೆ. ಇದನ್ನ ನಾನು ಮುನ್ನೂರು ದಿನ ಆದಮೇಲೆ, ನಿನ್ನೆ ಕಲಿತೆ. ನಾಚಿಕೆ ಆಗುತ್ತೆ ಹೇಳೋಕೆ. ಆದ್ರೂ ಹೇಳ್ತೀನಿ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ನಮ್ಮ ಕ್ಯಾಬಿನ್ ನೋಡ್ಕೊಳ್ಳೋ ರೊಡೆಲ್‌ಗೆ ನಾನು ಒಂಬತ್ತು ಕೊಟ್ಟೆ. ಮೂವತ್ತೆಂಟು ವರ್ಷ ಮೇಳದಲ್ಲಿ ಅಂಕ ಕೊಟ್ಟೋಳು ನಾನು, ನನ್ನ ಹತ್ರ ಅದಕ್ಕಿಂತ ದೊಡ್ಡದು ಇರಲೇ ಇಲ್ಲ. ಅವನಿಗೆ ಸನ್ಮಾನ ಮಾಡಿದೆ ಅಂದ್ಕೊಂಡೆ, ಅವನ ಕಾಲು ಮುರಿದೆ. ಇಲ್ಲಿ ಒಂಬತ್ತು ಅಂದ್ರೆ ಫೇಲ್ ಅಂತೆ! ನನ್ನ ಅಂಕ ಸರಿಯಾಗೇ ಇತ್ತು. ಆದ್ರೆ ಯಾರ ಪುಸ್ತಕದಲ್ಲಿ ಬರೀತಿದ್ದೀನಿ ಅಂತ ಕೇಳಲಿಲ್ಲ. ಮುನ್ನೂರು ದಿನ ಬೇರೆಯವರು ಹಾಸಿದ ಹಾಸಿಗೇಲಿ ಮಲಗಿದೀನಿ, ಒಂದು ದಿನ ಕೇಳಲಿಲ್ಲ. ನೀವು ಕೇಳಿ."

ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಚೀಲ ತೆರೆದು ಹಳದಿ ಚೀಟಿ ತೆಗೆದಳು. ಕ್ಯಾಪ್ಟನ್ನಿನ ಪೆನ್ನನ್ನೇ ಕೇಳಿ ಇಸಿದುಕೊಂಡಳು. ಒಂದು ಬರೆದಳು, ಪಕ್ಕದಲ್ಲಿ ಸೊನ್ನೆ ಬರೆಯಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಮುಂದಿನ ಸಾಲಿನವರು ಎದ್ದು ನಿಂತು ನೋಡಿದರು. ಕೆಳಗೆ ಸಹಿ ಮಾಡಿ ಹೂಕ್ಸ್ಟ್ರಾನ ಕೈಗೆ ಕೊಟ್ಟಳು.

"ಇದು ನಿಮ್ಮ ಕಂಪ್ಯೂಟರಿಗಲ್ಲ. ಅವನ ಫೈಲಿಗೆ. ನನ್ನ ಜೀವನದ ಮೊದಲನೇ ಹತ್ತು ಇದು, ಕಳೆದುಹಾಕಬೇಡಿ."

ಹೂಕ್ಸ್ಟ್ರಾ ಚೀಟಿಯನ್ನು ನೋಡಿದ. "ಕಂಪ್ಯೂಟರಿಗೆ ಇದು ಓದೋಕೆ ಬರಲ್ಲ ಮೇಡಂ," ಎಂದ. "ನನಗೆ ಬರುತ್ತೆ." ಮಡಚಿ ಒಳಜೇಬಿನಲ್ಲಿ ಇಟ್ಟುಕೊಂಡ. ಆದರೆ ಮಾತು ಕೊಡಲಿಲ್ಲ, ಅದನ್ನೂ ಹೇಳಬೇಕು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ನಮ್ಮ ಕ್ಯಾಬಿನ್‌ಗೂ ರೊಡೆಲ್‌ನೇ ಬರೋದು!" ಎಂದು ಕೂಗಿದಳು. ಇನ್ನೊಬ್ಬ ಎದ್ದ. ಸಿಬ್ಬಂದಿಯನ್ನು ಮೆಚ್ಚಿ ಬರೆಯಲು ಕೌಂಟರಿನಲ್ಲಿ ಒಂದು ಕಾರ್ಡು ಇರುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಆ ಸಂಜೆ ಅದಕ್ಕೆ ಸರದಿ ನಿಂತು, ಊಟದ ಹೊತ್ತಿಗೆ ಕಾರ್ಡುಗಳೇ ಮುಗಿದವು. ಸೋಮಾರಿಯಾದ ನಾನೂ ಎರಡು ಕಾರ್ಡು ಹಿಂದೆಮುಂದೆ ತುಂಬಿಸಿದೆ. ರಾತ್ರಿ ಹಾಸಿಗೆಯ ಮೇಲೆ ಆನೆ ಬಂದಿತ್ತು.

ಶನಿವಾರ ನಾವು ಇಳಿಯುವಾಗ ರೊಡೆಲ್ ನಮ್ಮ ಕೈಚೀಲ ಹೊತ್ತು ಲಿಫ್ಟಿನವರೆಗೆ ಬಂದ. ಹೆಸರುಗಳು ಹೋಗಿವೆ, ತಿಳಿಯುವುದು ಮಾರ್ಚಿಗೆ ಎಂದ. ಫೋನ್ ನಂಬರ್ ಕೇಳೋಣವೆಂದರೆ ವರ್ನಾ ತಡೆದಳು. "ಏನಂತ ಫೋನ್ ಮಾಡೋದು? ನನ್ನಿಂದ ನಿನ್ನ ಸಂಸಾರ ಹಾಳಾಯ್ತಾ ಅಂತ ಕೇಳೋದಾ?"

ಆ ವರ್ಷ ಉದ್ದವಾಗಿತ್ತು. ಮಾರ್ಚ್ ಬಂದು ಹೋಯಿತು. ಬೇಸಿಗೆಯ ಮೇಳದಲ್ಲಿ ವರ್ನಾಳಿಗೆ ಅತಿಥಿಯಾಗಿ ಕೂರಲು ಕರೆ ಬಂತು, ಹೋಗಲಿಲ್ಲ. ನಮ್ಮ ಮನೆಗೆ ಬಂದು ಕಿಟಕಿಯ ಬಳಿ ಕೂತು ಟವೆಲು ಮಡಚುತ್ತ, ಬಿಚ್ಚುತ್ತ ಇದ್ದಳು. ಅವಳ ಆನೆಗೆ ನಾನು ನಾಲ್ಕು ಕೊಟ್ಟೆ. ಐವತ್ತು ವರ್ಷದ ಸೇಡು, ಬಿಡಲಾದೀತೇ?

ಮುಂದಿನ ಜನವರಿ ಅದೇ ಹಡಗು, ಅದೇ ಡೆಕ್ಕು. ಬಾಗಿಲಲ್ಲಿ ನಿಂತಿದ್ದವನು ಜಮೈಕಾದ ಒಬ್ಬ ಎತ್ತರದ ಆಳು. ರೊಡೆಲ್ ಎಲ್ಲಿ ಎಂದು ಕೇಳಿದರೆ, ತಾನು ಮೊನ್ನೆ ಬಂದವನು, ಆ ಹೆಸರೇ ಗೊತ್ತಿಲ್ಲ ಎಂದ. ವರ್ನಾ ಪೆಟ್ಟಿಗೆ ಬಿಚ್ಚಲಿಲ್ಲ. ಆಯಸ್ಕಾಂತದ ಕೊಕ್ಕೆಗಳನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ಕೂತಳು. ಅವಳನ್ನು ಹಾಗೆ ನೋಡಿ ನನಗೆ ಅಳು ಬಂತು.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಬಾಗಿಲು ತಟ್ಟಿದ ಸದ್ದು.

ತೆರೆದರೆ ರೊಡೆಲ್. ಮೈಮೇಲೆ ನೀಲಿ ಕೋಟು, ಎದೆಯ ಪಟ್ಟಿಯಲ್ಲಿ ಹೆಸರು, ಹೆಸರಿನ ಕೆಳಗೆ ಸೂಪರ್‌ವೈಸರ್. ಅವನ ಹಿಂದೆ ಬಿಳಿ ಟೋಪಿಯ ಒಬ್ಬ ಹುಡುಗಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಜೋಳದ ತೆನೆಯ ಹುಡುಗಿ. "ನಿನ್ನೆ ಮೇಲಿನ ಡೆಕ್ಕಲ್ಲಿ ಸಿಕ್ಕಿಹಾಕ್ಕೊಂಡಿದ್ದೆ ಮಿಸ್ ವರ್ನಾ, ಬರೋಕಾಗಲಿಲ್ಲ," ಎಂದ. "ಇವಳು ಮರಿಸೆಲ್. ಕೆಳಗೆ ಬೇಕರೀಲಿದ್ದಾಳೆ. ಇದೇ ಹಡಗು. ಹತ್ತು ತಿಂಗಳಾಯ್ತು."

ವರ್ನಾ ಅವನ ಎರಡು ಕೆನ್ನೆ ಹಿಡಿದುಕೊಂಡಳು. ನಾನೇ ಮೂವರ ಪರವಾಗಿ ಗೊಳೋ ಎಂದು ಅತ್ತೆ.

ಆಮೇಲೆ ರೊಡೆಲ್ ಜೇಬಿನಿಂದ ಹಳದಿ ಚೀಟಿ ತೆಗೆದ. ಮಡಿಕೆಗಳು ಸವೆದಿದ್ದವು. "ಫೈಲಿನ ಕೆಲಸ ಮುಗೀತು ಅಂತ ಹೂಕ್ಸ್ಟ್ರಾ ಸಾರ್ ಇದನ್ನ ನನಗೇ ಕೊಟ್ರು. ವಾಪಸ್ ತಗೊಳ್ಳಿ ಮಿಸ್ ವರ್ನಾ. ಈ ಹತ್ತು ಕಂಪನಿಗೆ ಕೊಟ್ಟಿದ್ದು, ನನಗಲ್ಲ. ನನ್ನದು ನನಗೆ ಕೊಡಿ."

ವರ್ನಾ ಆ ಚೀಟಿಯನ್ನು ತೆಗೆದುಕೊಂಡು ಕೈಚೀಲದೊಳಗೆ ಇಟ್ಟಳು. ಕೈಚೀಲದಿಂದ ಹೊಸ ಚೀಟಿ ತೆಗೆದು ಒಂಬತ್ತು ಬರೆದು ಸಹಿ ಮಾಡಿದಳು. ಈ ಸಲ ಹೊತ್ತು ಹಿಡಿಯಲಿಲ್ಲ. ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಎದೆಯ ಜೇಬಿನಲ್ಲಿ ಇಟ್ಟ.

"ಅದೇನು ತಟ್ಟೇಲಿ?" ಎಂದಳು ವರ್ನಾ ಕಣ್ಣೊರೆಸಿಕೊಳ್ಳುತ್ತ.

ಮರಿಸೆಲ್ ಬಟ್ಟೆ ಸರಿಸಿದಳು. ಸೇಬಿನ ಪೈ. ಹೊನ್ನಿನ ಬಣ್ಣ, ಅಂಚಿಗೆ ಸಾಲಾಗಿ ಒತ್ತು. ವರ್ನಾ ನೆಟ್ಟಗೆ ಕೂತು, ಫೋರ್ಕಿನ ತುದಿಯಲ್ಲಿ ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮೂವರೂ ಉಸಿರು ಹಿಡಿದು ನಿಂತೆವು.

"ಏಳು."

"ಯಾಕೆ ಏಳು?" ಎಂದಳು ಮರಿಸೆಲ್ ಸೊಂಟಕ್ಕೆ ಕೈಯಿಟ್ಟು. ಆ ಹುಡುಗಿ ನನಗೆ ಆಗಲೇ ಹಿಡಿಸಿದಳು.

"ಕೂತ್ಕೋ, ತೋರಿಸ್ತೀನಿ," ಎಂದು ವರ್ನಾ ಹಾಸಿಗೆಯ ಮೇಲೆ ಜಾಗ ಮಾಡಿದಳು.

ಮುಂದಿನ ಗುರುವಾರ ಇನ್ನೊಂದು ಪೈ ಬಂತು. ಅದಕ್ಕೆ ಎಂಟು.